ಯಾವ ಪರಭಾಷೆ, ಯಾರ ಮಕ್ಕಳಿಗೆ?

ಬೆಂಗಳೂರಿನಲ್ಲಿ ಮಕ್ಕಳು ಐದನೇ ಕ್ಲಾಸು ದಾಟುವ ಹೊತ್ತಿಗೆ ಪಾಲಕರ ನಡುವೆ ಒಂದು ಚರ್ಚೆ ಶುರುವಾಗುತ್ತದೆ. ಫ್ರೆಂಚ್ ಕೊಡಿಸೋದಾ, ಜರ್ಮನ್ ಕೊಡಿಸೋದಾ, ಇಲ್ಲಾ ಸಂಸ್ಕೃತವೇ ಸಾಕಾ? ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಹತ್ತು ನಿಮಿಷ ಕೇಳಿಸಿಕೊಂಡರೆ ಸಾಕು, ಇದು ಭಾಷೆಯ ಚರ್ಚೆ ಅಲ್ಲ, ಅಂಕಗಳ ಚರ್ಚೆ ಅಂತ ಗೊತ್ತಾಗುತ್ತದೆ. ಯಾವ ಭಾಷೆಯಲ್ಲಿ ಮಾರ್ಕ್ಸು ಸಲೀಸಾಗಿ ಬೀಳುತ್ತವೆ, ಯಾವುದರ ಟ್ಯೂಶನ್ ಮನೆ ಹತ್ತಿರ ಇದೆ, ಯಾವುದರಲ್ಲಿ ಹೋದ ವರ್ಷ ನೂರಕ್ಕೆ ತೊಂಬತ್ತೆಂಟು ಬಂದಿತ್ತು. ಫ್ರಾನ್ಸಿನ ಹೆಸರು ಎಲ್ಲೂ ಬರುವುದಿಲ್ಲ.

ನಾನು ಶಹಾಪುರ ತಾಲೂಕಿನ ಹಳ್ಳಿಯವ. ಸರ್ಕಾರಿ ಕನ್ನಡ ಸಾಲಿಯಲ್ಲಿ ಕಲಿತು, ಬಿಇ ಮುಗಿಸಿ, ಸಾಫ್ಟ್‌ವೇರ್ ಕೆಲಸಕ್ಕೆ ಬಂದವ. ಎಬಿಸಿಡಿ ಬರೆದದ್ದೇ ಐದನೇ ಇಯತ್ತೆಯಲ್ಲಿ. ಹಾಗಾಗಿ ಈ ಚರ್ಚೆ ನಡೆಯುವಾಗ ನನಗೆ ಬೇರೆ ಪ್ರಶ್ನೆ ಕಾಡುತ್ತದೆ. ಸಾಲಿಯಲ್ಲಿ ಕಲಿಯಬೇಕಾದ ವಿದೇಶಿ ಭಾಷೆ ಯಾವುದು ಅಂತ ಕೇಳುವವರೆಲ್ಲ ಬೆಂಗಳೂರಿನ ಮಗುವನ್ನೇ ಕಣ್ಣ ಮುಂದಿಟ್ಟುಕೊಂಡು ಕೇಳುತ್ತಾರೆ. ಸುರಪುರದ ಐಟಿಐ ಹುಡುಗನ್ನ, ಯಾದಗಿರಿಯ ನರ್ಸಿಂಗ್ ಹುಡುಗಿಯನ್ನ ಮುಂದಿಟ್ಟುಕೊಂಡು ಕೇಳಿದರೆ ಉತ್ತರ ಪೂರಾ ಬದಲಾಗುತ್ತದೆ.

ಮೊದಲು ಸರ್ಕಾರದ ಪಟ್ಟಿ ನೋಡೋಣ. 2020ರ ಜುಲೈನಲ್ಲಿ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಎಂಟು ವಿದೇಶಿ ಭಾಷೆಗಳ ಹೆಸರಿದೆ: ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಶ್, ಪೋರ್ಚುಗೀಸ್, ರಷ್ಯನ್. ಇವನ್ನು ಪ್ರೌಢಶಾಲೆ ಹಂತದಲ್ಲಿ ಕಲಿಸಬಹುದಂತೆ. ಒಂದು ವರ್ಷ ಮುಂಚೆ, 2019ರ ಕರಡಿನಲ್ಲಿ ಚೀನಿ ಭಾಷೆ ಇತ್ತು. ನಡುವೆ ಗಲ್ವಾನ್ ಕಣಿವೆಯ ಗಲಾಟೆ ಆಯಿತು, ಅಂತಿಮ ನೀತಿಯಲ್ಲಿ ಚೀನಿ ಇಲ್ಲ. ಸರ್ಕಾರ ಕಾರಣ ಏನೇ ಕೊಡಲಿ, ನನಗಂತೂ ಇದು ವಿಚಿತ್ರ ಕಾಣುತ್ತದೆ. ಜಗಳ ಇದ್ದ ದೇಶದ ಭಾಷೆಯನ್ನೇ ಅಲ್ಲವೇ ಹೆಚ್ಚು ಜನ ಕಲಿತಿರಬೇಕಾದದ್ದು? ಅರಬ್ಬಿಯೂ ಪಟ್ಟಿಯಲ್ಲಿಲ್ಲ. ನಮ್ಮ ಲಕ್ಷಾಂತರ ಜನ ದುಡಿಯುವುದು ಕೊಲ್ಲಿ ದೇಶಗಳಲ್ಲಿ. ಆ ದೇಶಗಳ ಭಾಷೆ ಪಟ್ಟಿಗೆ ಬರಲಿಲ್ಲ, ಥಾಯ್ ಬಂತು. ಯಾವ ಅಳತೆಗೋಲು ಹಿಡಿದು ಆರಿಸಿದರು ಅನ್ನುವುದು ನೀತಿಯಲ್ಲೇ ಎಲ್ಲೂ ಬರೆದಿಲ್ಲ. ಜಗತ್ತಿನ ಸಂಸ್ಕೃತಿ ತಿಳಿಯಲಿ, ಜ್ಞಾನ ಬೆಳೆಯಲಿ, ಓಡಾಟಕ್ಕೆ ಅನುಕೂಲ ಆಗಲಿ ಅಂತ ಮೂರು ಉದ್ದೇಶಗಳನ್ನು ಒಂದೇ ವಾಕ್ಯದಲ್ಲಿ ಕಟ್ಟಿ ಬಿಟ್ಟಿದ್ದಾರೆ. ಕಾದಂಬರಿ ಓದಲು ಬೇಕಾದ ಭಾಷೆಯೇ ಬೇರೆ, ಕೆಲಸ ಹುಡುಕಲು ಬೇಕಾದ ಭಾಷೆಯೇ ಬೇರೆ. ಎರಡಕ್ಕೂ ಒಂದೇ ಪಟ್ಟಿ ಸಾಲದು.

ಇನ್ನೊಂದು ಲೆಕ್ಕ ನೋಡ್ರಿ. ಅದೇ ನೀತಿ ಹೇಳುವ ಮೂರು ಭಾಷೆಗಳಲ್ಲಿ ಕನಿಷ್ಠ ಎರಡು ಭಾರತದವೇ ಇರಬೇಕು. ಉಳಿದದ್ದು ಒಂದು ಜಾಗ. ಅಲ್ಲಿ ಇಂಗ್ಲಿಷ್ ಆಗಲೇ ಕುಂತಿದೆ. ಎದ್ದೇಳು ಅನ್ನುವ ಧೈರ್ಯ ಯಾವ ಪಾಲಕರಿಗೂ ಇಲ್ಲ. ಅಂದರೆ ಈ ಎಂಟೂ ಭಾಷೆಗಳು ನಾಲ್ಕನೇ ಭಾಷೆಯಾಗಿ ಬರಬೇಕು. ನಾಲ್ಕನೇ ಭಾಷೆಗೆ ಮಾಸ್ತರನ್ನು ಇಟ್ಟುಕೊಳ್ಳಬಲ್ಲ ಸಾಲಿ ಎಷ್ಟು? ಗಣಿತದ ಮಾಸ್ತರು ಸಿಕ್ಕರೆ ಪುಣ್ಯ ಅನ್ನುವ ಊರುಗಳಲ್ಲಿ ಈ ಪಟ್ಟಿ ಗೋಡೆಗೆ ಹಚ್ಚಿದ ಕ್ಯಾಲೆಂಡರಿನ ಚಿತ್ರ ಇದ್ದಂಗ. ನೋಡಲು ಚೆಂದ, ಅಷ್ಟ.

ಭಾಷೆಯನ್ನು ಮೇಲಿಂದ ಇಳಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಹತ್ತಿರದ ಉದಾಹರಣೆ ಕೇಂದ್ರೀಯ ವಿದ್ಯಾಲಯಗಳದು. 2011ರಲ್ಲಿ ಗೋಯೆಥೆ ಇನ್‌ಸ್ಟಿಟ್ಯೂಟ್ ಜೊತೆ ಒಪ್ಪಂದವಾಗಿ ಆರರಿಂದ ಎಂಟನೇ ತರಗತಿಗೆ ಜರ್ಮನ್ ಮೂರನೇ ಭಾಷೆಯಾಗಿ ಬಂತು. 2014ರ ಅಕ್ಟೋಬರಿನಲ್ಲಿ, ವರ್ಷದ ನಡುವೆಯೇ, ಅದನ್ನು ತೆಗೆದು ಸಂಸ್ಕೃತ ತರಲು ತೀರ್ಮಾನವಾಯಿತು. ಸುಮಾರು 70 ಸಾವಿರ ಮಕ್ಕಳು ಜರ್ಮನ್ ಓದುತ್ತಿದ್ದರು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಟಿವಿಯಲ್ಲಿ ವಾರಗಟ್ಟಲೆ ಸಂಸ್ಕೃತ ದೊಡ್ಡದೋ ಜರ್ಮನ್ ದೊಡ್ಡದೋ ಅಂತ ಜಗಳ ಆಯಿತು. ಮೂರು ವರ್ಷ ಓದಿದ ಮಕ್ಕಳಿಗೆ ಜರ್ಮನ್ ಎಷ್ಟು ಬಂದಿದೆ ಅನ್ನುವ ಪ್ರಶ್ನೆ ಮಾತ್ರ ಆ ಜಗಳದಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

ನಮ್ಮ ಕಡೆಗೆ ಪರದೇಶದ ಭಾಷೆ ಹೊಸದಲ್ಲ, ಬೆಂಗಳೂರಿನವರಿಗಿಂತ ಮುಂಚೆಯೇ ಕಲಿತವರು ನಾವು. ಶಹಾಪುರದ ಹತ್ತಿರ ಗೋಗಿ ಅಂತ ಊರಿದೆ. ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರ ಗೋರಿಗಳು ಇರುವುದು ಅಲ್ಲಿನ ದರ್ಗಾದ ಆವರಣದಲ್ಲಿ. ಅವರ ಕಾಲದ ಇತಿಹಾಸ ಬರೆದ ಫಿರಿಶ್ತಾ ಬರೆದದ್ದು ಫಾರಸಿಯಲ್ಲಿ. 1705ರಲ್ಲಿ ಔರಂಗಜೇಬ ಮುಪ್ಪಿನ ವಯಸ್ಸಿನಲ್ಲಿ ಸುರಪುರದ ಬೇಡ ನಾಯಕರ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದ ಕಥೆಯ ವಿವರ ಸಿಗುವುದೂ ಫಾರಸಿ ಗ್ರಂಥದಲ್ಲೇ. ಗೋಗಿಯಲ್ಲೇ ಮಣ್ಣಾದ ಮೊದಲನೇ ಇಬ್ರಾಹಿಂ ಆದಿಲ್ ಷಾ (1534–58) ರಾಜ್ಯದ ಲೆಕ್ಕಪತ್ರವನ್ನು ಫಾರಸಿಯಿಂದ ದೇಶಭಾಷೆಗೆ ತಿರುಗಿಸಿದ ಅಂತ ಅದೇ ಫಿರಿಶ್ತಾ ಹೇಳುತ್ತಾನೆ. ಜನರ ಹೊಲದ ಲೆಕ್ಕ ಜನರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು ಅನ್ನುವ ಮಾತು ಇಲ್ಲಿ ನಾನೂರೈವತ್ತು ವರ್ಷದಷ್ಟು ಹಳೆಯದು.

ಆಮೇಲೆ ನಿಜಾಮರ ಕಾಲ. ಹೈದರಾಬಾದ್ ಸಂಸ್ಥಾನದಲ್ಲಿ ಮೊದಲು ಫಾರಸಿ, 1880ರ ದಶಕದಿಂದ ಉರ್ದು ಆಡಳಿತ ಭಾಷೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಮಾಧ್ಯಮ. ಉರ್ದು ವಿದೇಶಿ ಭಾಷೆ ಅಲ್ಲ, ಈ ನೆಲದಲ್ಲೇ ಹುಟ್ಟಿದ್ದು. ಆದರೆ ಮನೆಯಲ್ಲಿ ಕನ್ನಡ ಆಡುವ ಹುಡುಗನಿಗೆ ಸಾಲಿಯಲ್ಲಿ ಅದು ಪರಭಾಷೆಯೇ. ನಮ್ಮ ಮುತ್ಯಾ ನಾಲ್ಕು ಇಯತ್ತೆ ಕಲಿತದ್ದು ಉರ್ದುವಿನಲ್ಲಿ. ಬಸ್ಸಿನ ಮೇಲಿನ ಕನ್ನಡ ಬೋರ್ಡು ನನ್ನ ಕಡೆಯಿಂದ ಓದಿಸುತ್ತಿದ್ದ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಅಷ್ಟೊತ್ತಿಗೆ ಉರ್ದುವಿನಲ್ಲಿ ಕಲಿತು ಮುಗಿಸಿದವರ ಓದು ಕಚೇರಿ ಕೆಲಸಕ್ಕೆ ಬಾರದಂಗಾಯಿತು. ಈಗ ಹಳೆಯ ಜಮೀನಿನ ವ್ಯಾಜ್ಯ ಬಂದರೆ ಉರ್ದು ಕಾಗದ ಓದಿ ಕನ್ನಡಕ್ಕೆ ಮಾಡಿಕೊಡುವವರನ್ನು ಹುಡುಕಿಕೊಂಡು ಅಲೆಯಬೇಕು.

ಇಷ್ಟಾದರೂ ಆ ಭಾಷೆಗಳು ನಮ್ಮ ಬಾಯಿ ಬಿಟ್ಟು ಹೋಗಿಲ್ಲ. ರೈತ, ಜಮೀನು, ಫಸಲು, ಅರ್ಜಿ, ವಕೀಲ, ತಹಶೀಲ್ದಾರ, ಸರಕಾರ – ಒಂದೊಂದೂ ಅರಬ್ಬಿ ಅಥವಾ ಫಾರಸಿಯಿಂದ ಬಂದವು. ಹೊಲಕ್ಕೆ ಸಂಬಂಧಪಟ್ಟ ಒಂದು ಅರ್ಜಿ ಬರೆದರೆ ಅದರಲ್ಲಿ ಅರ್ಧ ಫಾರಸಿ ಇರುತ್ತದೆ. ಇದರಿಂದ ನನಗೆ ತಿಳಿದದ್ದು ಇಷ್ಟು: ಆಳುವವರ ಹುಕುಮಿನಿಂದ ಕಲಿತ ಭಾಷೆ ಆಳುವವರು ಹೋದ ದಿನ ಸಾಲಿಯಿಂದ ಹೋಗುತ್ತದೆ. ಕೆಲಸದಲ್ಲಿ ಬೆರೆತ ಭಾಷೆ ಉಳಿಯುತ್ತದೆ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರಿಗೆ ಮೆಡೋಸ್ ಟೇಲರ್ ಹೆಸರು ಗೊತ್ತೇ ಇರುತ್ತದೆ. ಹದಿನೈದರ ವಯಸ್ಸಿನಲ್ಲಿ ಇಂಗ್ಲೆಂಡಿನಿಂದ ಬಂದ ಹುಡುಗ. 1841ರಿಂದ 1853ರ ತನಕ ಸುರಪುರದಲ್ಲಿದ್ದ. ಎಳೆಯ ರಾಜಾ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಅಂತ ಕರೆಯುತ್ತಿದ್ದ. ಹಿಂದುಸ್ತಾನಿಯನ್ನ, ಮರಾಠಿಯನ್ನ ಟೇಲರ್ ಕಲಿತದ್ದು ಈ ನೆಲಕ್ಕೆ ಬಂದ ಮೇಲೆ, ಜನರ ನಡುವೆ ಕೆಲಸ ಮಾಡುತ್ತ. ಇಂಗ್ಲೆಂಡಿನ ಸಾಲಿಯಲ್ಲಿ ಯಾರೂ ಕಲಿಸಿ ಕಳಿಸಿರಲಿಲ್ಲ. ಅಗತ್ಯ ಎದುರಿಗೆ ನಿಂತಾಗ ಭಾಷೆ ಬಂತು.

ಇವತ್ತಿಗೂ ಹಾಂಗ. ಯಾದಗಿರಿ ಸ್ಟೇಶನ್ನಿನಲ್ಲಿ ಅರ್ಧ ತಾಸು ನಿಂತರೆ ಕನ್ನಡ, ದಖನಿ, ತೆಲುಗು, ಲಂಬಾಣಿ, ಮರಾಠಿ ಎಲ್ಲ ಕಿವಿಗೆ ಬೀಳುತ್ತವೆ. ಗುರುಮಠಕಲ್ ಕಡೆಯ ಮಗು ಸಾಲಿಗೆ ಬರುವಾಗಲೇ ಎರಡು ಭಾಷೆ ತಂದಿರುತ್ತದೆ. ಗುಳೆ ಹೋದವರು ಪುಣೆಯಲ್ಲಿ ಆರು ತಿಂಗಳು ಸೆಂಟ್ರಿಂಗ್ ಕೆಲಸ ಮಾಡಿ ಬಂದರೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಾರೆ. ನಮ್ಮ ಹುಡುಗರಿಗೆ ಭಾಷೆ ಕಲಿಯಲು ಬರುವುದಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬರದೇ ಇರುವುದು ಸಾಲಿಯಲ್ಲಿ ಕಲಿಸುವ ಭಾಷೆ ಮಾತ್ರ. ತಪ್ಪು ಕಲಿಸುವ ರೀತಿಯಲ್ಲಿ ಇರಬೇಕು ಅಂತ ನನ್ನ ಅನುಮಾನ.

ಹಾಗಾದರೆ ಯಾವ ವಿದೇಶಿ ಭಾಷೆ ಕಲಿಸಬೇಕು? ನನ್ನ ಹತ್ತಿರ ಮೂರು ಪರೀಕ್ಷೆಗಳಿವೆ. ಒಂದು, ನಾಲ್ಕು ವರ್ಷ ನಿಂತು ಕಲಿಸುವ ಮಾಸ್ತರು ಸಿಗುತ್ತಾರಾ? ಎರಡು, ಕಲಿತ ಮೇಲೆ ಹತ್ತು ವರ್ಷದೊಳಗೆ ಆ ಭಾಷೆಯಿಂದ ಮಗುವಿಗೆ ಏನಾದರೂ ದಕ್ಕುತ್ತದಾ, ಓದಲಿಕ್ಕೋ ದುಡಿಯಲಿಕ್ಕೋ? ಮೂರು, ಮಗುವಿಗೆ ಈಗಾಗಲೇ ಬರುವ ಭಾಷೆ ಹೊಸದಕ್ಕೆ ಆಸರೆ ಆಗುತ್ತದಾ?

ಫ್ರೆಂಚ್ ಈಗ ನಡೆಯುತ್ತಿರುವ ರೀತಿಯಲ್ಲಿ ಎರಡನೇ ಪರೀಕ್ಷೆಯಲ್ಲೇ ಕೂತುಬಿಡುತ್ತದೆ. ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ 80 ಅಂಕ ಬರೆಯುವ ಪರೀಕ್ಷೆಗೆ, 20 ಸಾಲಿಯೊಳಗಿನದು. ಕ್ರಿಯಾಪದದ ರೂಪ ತುಂಬು, ಪತ್ರ ಬರಿ, ಗದ್ಯಭಾಗ ಓದಿ ಉತ್ತರ ಹೇಳು. ಬಾಯಿ ಬಿಡದೆಯೂ ತೊಂಬತ್ತು ದಾಟಬಹುದು. ಐದು ವರ್ಷ ಫ್ರೆಂಚ್ ಓದಿದ ಸಹೋದ್ಯೋಗಿಗಳು ನನಗಿದ್ದಾರೆ. ಪ್ಯಾರಿಸಿನ ಕ್ಲೈಂಟ್ ಫೋನಿಗೆ ಬಂದರೆ ನಮಸ್ಕಾರ ಹೇಳಿ ಇಂಗ್ಲಿಷಿಗೆ ಜಿಗಿಯುತ್ತಾರೆ. ಅವರ ಬುದ್ಧಿ ಕಡಿಮೆ ಅಂತಲ್ಲ, ಅವರಿಗೆ ಯಾರೂ ಮಾತಾಡಲು ಕಲಿಸಲೇ ಇಲ್ಲ.

‘ಅಂಕ ಬಂದರೆ ತಪ್ಪೇನಪ್ಪ, ಮಕ್ಕಳಿಗೆ ಅಷ್ಟು ಹಗುರ ಆಗಲಿ ಬಿಡು’ ಅಂತೀರಿ. ಸರಿ. ಆದರೆ ಒಟ್ಟು ಶೇಕಡಾವಾರು ನೋಡಿ ಸೀಟು ಕೊಡುವ ಡಿಗ್ರಿ ಕಾಲೇಜಿನ ಬಾಗಿಲಲ್ಲಿ ಆ ಅಂಕ ಸ್ಪರ್ಧೆ ಮಾಡುವುದು ನಮ್ಮ ಹುಡುಗನ ಕನ್ನಡದ ಅಂಕದ ಜೊತೆ. ಹಳಗನ್ನಡ ಪದ್ಯದ ಭಾವಾರ್ಥ ಬರೆದು ಎಪ್ಪತ್ತೆಂಟು ತಗೊಂಡವನ ಎದುರಿಗೆ ‘ನನ್ನ ಕುಟುಂಬ’ ಅನ್ನುವ ಹತ್ತು ಸಾಲು ಬರೆದು ತೊಂಬತ್ತೆಂಟು ತಗೊಂಡವ ಬಂದು ನಿಲ್ಲುತ್ತಾನೆ. ಎರಡನ್ನೂ ‘ಭಾಷೆ’ ಅಂತ ಒಂದೇ ಕಾಲಮ್ಮಿನಲ್ಲಿ ಬರೆಯುತ್ತಾರೆ. ಹೊಸದಾಗಿ ಕಲಿತ ಭಾಷೆಯ ಮೊದಲ ಮೆಟ್ಟಿಲನ್ನ, ಮನೆಭಾಷೆಯ ಮೇಲಿನ ಮೆಟ್ಟಿಲನ್ನ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯ ಅಲ್ಲ.

ಇನ್ನು ಜಪಾನಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಕೆಲಸದ ಸಲುವಾಗಿ ನಾನೇ ಕೂತು ಕಲಿತದ್ದು. ಇಂಗ್ಲಿಷ್ ಕಲಿಯುವಾಗ ತಲೆಯೊಳಗಿನ ವಾಕ್ಯವನ್ನು ಪ್ರತಿ ಸಲ ತಲೆಕೆಳಗು ಮಾಡಬೇಕಾಗುತ್ತಿತ್ತು. ‘ನಿನ್ನೆ ಬಂದ ಹುಡುಗ’ ಅನ್ನುವುದನ್ನು ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ ಮಾಡಬೇಕು, ನಡುವೆ ‘ಹೂ’ ಅನ್ನುವ ಕೊಂಡಿ ಸಿಗಿಸಬೇಕು. ಜಪಾನಿಯಲ್ಲಿ ‘ಕಿನೋ ಕಿತಾ ಹಿತೊ’. ಕಿನೋ ಅಂದರೆ ನಿನ್ನೆ, ಕಿತಾ ಅಂದರೆ ಬಂದ, ಹಿತೊ ಅಂದರೆ ಮನುಷ್ಯ. ಕನ್ನಡದ್ದೇ ಸಾಲು.

‘ಬರ್ತೀನಿ ಅಂತ ಅಂದ’ ಅನ್ನುವುದಕ್ಕೆ ‘ಕುರು ತೊ ಇತ್ತಾ’. ನಮ್ಮ ‘ಅಂತ’ ಎಲ್ಲಿ ಕೂರುತ್ತದೋ ಅಲ್ಲೇ ಅವರ ‘ತೊ’. ಬೇರೆಯವರಿಂದ ಕೇಳಿದ ಸುದ್ದಿಗೆ ನಾವು ‘ಬಂದಾನಂತ’ ಅಂತೀವಿ, ಅವರು ‘ಕಿತಾ ಸೋ ದಾ’ ಅಂತಾರೆ. ‘ತಿಂದ್ ನೋಡು’ ಅನ್ನುವಾಗ ನಾವು ಕಣ್ಣಿಂದ ನೋಡು ಅನ್ನುವುದಿಲ್ಲ, ರುಚಿ ನೋಡು ಅಂತೀವಿ. ಅವರದೂ ‘ತಬೆತೆ ಮಿರು’. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ಮುಂದೆ ಬೇಕಾದೀತು ಅಂತ ‘ಬರದ್ ಇಡು’ ಅಂದರೆ ಅವರು ‘ಕೈತೆ ಒಕು’ ಅಂತಾರೆ, ಒಕು ಅಂದರೆ ಇಡು. ‘ತಿಂದ್ ಬಿಟ್ಟೆ’ ಅನ್ನುವುದರಲ್ಲಿನ ಆ ‘ಬಿಟ್ಟೆ’ಯ ಸಂಕಟವನ್ನು ಇಂಗ್ಲಿಷಿನಲ್ಲಿ ಹೇಳಲು ಹೋದರೆ ಸಾಕೋಸಾಕಾಗುತ್ತದೆ. ಜಪಾನಿಯಲ್ಲಿ ‘ತಬೆತೆ ಶಿಮಾತ್ತಾ’ ಅಂದರೆ ಮುಗಿಯಿತು.

ಕನ್ನಡಕ್ಕೂ ಜಪಾನಿಗೂ ರಕ್ತಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಸುಸುಮು ಒನೊ ಅನ್ನುವ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಅಂತ ವಾದಿಸಿದ್ದರು, ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ನಂಟು ಇರಲಿ ಬಿಡಲಿ, ವಾಕ್ಯದ ಕಟ್ಟಡ ಒಂದೇ ತರಹ ಇದೆ. ಕನ್ನಡ ಮೀಡಿಯಂ ಹುಡುಗ ತನ್ನ ಮನೆಮಾತಿನಲ್ಲಿ ಯೋಚನೆ ಮಾಡುತ್ತಲೇ ಜಪಾನಿ ವಾಕ್ಯ ಕಟ್ಟಬಹುದು. ಇಂಗ್ಲಿಷ್ ಮೂಲಕವೇ ಜಪಾನಿ ಕಲಿಯುವವರಿಗೆ ಈ ಲಾಭ ಅರ್ಧ ಕೈತಪ್ಪುತ್ತದೆ. ಕಷ್ಟ ಇರುವುದು ಬರವಣಿಗೆಯಲ್ಲಿ. ಹಿರಗಾನ 46 ಅಕ್ಷರ, ಕತಕಾನ ಮತ್ತೆ 46, ನಮ್ಮ ವರ್ಣಮಾಲೆ ಕಲಿತವರಿಗೆ ಅದೇನು ದೊಡ್ಡದಲ್ಲ. ಆಮೇಲೆ ಬರುತ್ತವೆ ಕಾಂಜಿ ಚಿತ್ರಾಕ್ಷರಗಳು, ದಿನಬಳಕೆಯ ಸರ್ಕಾರಿ ಪಟ್ಟಿಯಲ್ಲೇ 2,136. ಅದಕ್ಕೆ ವರ್ಷಗಳು ಬೇಕು, ಸುಳ್ಳು ಯಾಕೆ ಹೇಳಲಿ. ಆದರೆ ಮಾತಾಡಲು, ಸರಳವಾದದ್ದು ಓದಲು ಅಷ್ಟೂ ಬೇಕಾಗಿಲ್ಲ.

ಈಗ ದುಡಿಮೆಯ ಲೆಕ್ಕ. 2019ರ ಏಪ್ರಿಲಿನಿಂದ ಜಪಾನು ವಯಸ್ಸಾದವರ ಆರೈಕೆ, ಕಟ್ಟಡ ಕೆಲಸ, ಕೃಷಿ ಮುಂತಾದ ಕಸುಬುಗಳಿಗೆ ಹೊರಗಿನವರನ್ನು ಕರೆಸಿಕೊಳ್ಳುವ ಹೊಸ ವೀಸಾ ಶುರು ಮಾಡಿತು. 2021ರ ಜನವರಿಯಲ್ಲಿ ಭಾರತದ ಜೊತೆ ಒಪ್ಪಂದವೂ ಆಯಿತು. ಕಸುಬಿನ ಪರೀಕ್ಷೆ ಜೊತೆಗೆ ಕೇಳುವುದು ಆರಂಭದ ಹಂತದ ಜಪಾನಿ, ಎನ್4 ಮಟ್ಟ ಅಥವಾ ಅದಕ್ಕೆ ಸಮನಾದದ್ದು. ಜರ್ಮನಿಗೆ ದಾದಿಯರು ಬೇಕು. ಪೂರ್ತಿ ನರ್ಸ್ ಆಗಿ ಕೆಲಸ ಮಾಡಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಕೇರಳ ಸರ್ಕಾರದ ನೋರ್ಕಾ ಸಂಸ್ಥೆ 2021ರ ಡಿಸೆಂಬರಿನಲ್ಲೇ ಜರ್ಮನಿಯ ಜೊತೆ ‘ಟ್ರಿಪಲ್ ವಿನ್’ ಒಪ್ಪಂದ ಮಾಡಿಕೊಂಡು, ನರ್ಸಿಂಗ್ ಮುಗಿಸಿದವರಿಗೆ ಊರಲ್ಲೇ ಬಿ1 ತನಕ ಜರ್ಮನ್ ಕಲಿಸಿ ಕಳಿಸುವ ದಾರಿ ಮಾಡಿಕೊಂಡಿತು. ಅಲ್ಲಿ ಭಾಷೆ ಯಾರಿಗೆ ಬೇಕೋ ಅವರ ಕೈಗೆ ಹೋಯಿತು.

ನಮ್ಮಲ್ಲಿ ನೋಡ್ರಿ. ಗೋಯೆಥೆ ಇನ್‌ಸ್ಟಿಟ್ಯೂಟು, ಅಲಿಯಾನ್ಸ್ ಫ್ರಾನ್ಸೇಸ್ ಎರಡೂ ಇರುವುದು ಬೆಂಗಳೂರಿನಲ್ಲಿ, ಯಾದಗಿರಿಯಿಂದ ಹತ್ತಿರ ಹತ್ತಿರ 500 ಕಿಲೋಮೀಟರ್. ಜರ್ಮನ್ ಓದುವವನು ಮುಂದೆ ಇಂಗ್ಲಿಷಿನಲ್ಲೇ ದುಡಿಯುವ ಸಾಫ್ಟ್‌ವೇರ್ ಮನೆಯ ಹುಡುಗ. ಆ ಭಾಷೆಯಿಂದ ಬದುಕೇ ಬದಲಾಗಬಲ್ಲ ನರ್ಸಿಂಗ್ ಹುಡುಗಿಗೆ ಅಂಥದೊಂದು ದಾರಿ ಇದೆ ಅಂತ ಹೇಳುವವರೂ ಇಲ್ಲ. ಹೇಳುವವರು ಇಲ್ಲದ ಕಡೆ ಏಜೆಂಟರು ಬರುತ್ತಾರೆ. ಎಂಥ ಏಜೆಂಟರು ಅಂತ ಗುಳೆ ಹೋಗಿ ಬಂದ ಮನೆಯವರನ್ನು ಕೇಳಿ, ಅವರೇ ಹೇಳುತ್ತಾರೆ.

ಹಾಗಂತ ಎಂಟನೇ ಇಯತ್ತೆಯಿಂದಲೇ ಸುರಪುರದಲ್ಲಿ ಜಪಾನಿ ಶುರು ಮಾಡ್ರಿ ಅಂತ ನಾನು ಹೇಳುವುದಿಲ್ಲ. ಅಲ್ಲಿ ಇನ್ನೊಂದು ವಿದೇಶಿ ಭಾಷೆ ಆಗಲೇ ಇದೆ, ಅದರ ಹೆಸರು ಇಂಗ್ಲಿಷ್. ಬೆಂಗಳೂರಿನ ಮಗುವಿಗೆ ಅದು ಅಂಗಡಿಯಲ್ಲಿ, ಟಿವಿಯಲ್ಲಿ, ಲಿಫ್ಟಿನಲ್ಲಿ ಕೇಳುವ ಭಾಷೆ. ನಮ್ಮ ಊರಿನ ಮಗುವಿಗೆ ಜರ್ಮನ್ ಎಷ್ಟು ದೂರವೋ ಇಂಗ್ಲಿಷೂ ಹೆಚ್ಚುಕಡಿಮೆ ಅಷ್ಟೇ ದೂರ. 2007ರಿಂದ ಸರ್ಕಾರಿ ಸಾಲಿಗಳಲ್ಲಿ ಒಂದನೇ ಇಯತ್ತೆಗೇ ಇಂಗ್ಲಿಷ್ ಬಂದಿದೆ. ಹತ್ತು ವರ್ಷ ಓದಿ ಎಸ್‌ಎಸ್‌ಎಲ್‌ಸಿಗೆ ಬರುತ್ತಾರೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದ ಫಲಿತಾಂಶ ಶೇ 73.40, ಯಾದಗಿರಿಯದು ಶೇ 50.59, ಎಲ್ಲರಿಗಿಂತ ಕೊನೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 52ರ ಒಳಗೇ ಇತ್ತು, ರಾಜ್ಯದ್ದು ಶೇ 75 ದಾಟಿತ್ತು. ಈ ಸ್ಥಿತಿಗೆ ಇಂಗ್ಲಿಷ್ ಒಂದೇ ಕಾರಣ ಅಲ್ಲ. ಆದರೆ ಹತ್ತು ವರ್ಷದಲ್ಲಿ ಒಂದು ಪರಭಾಷೆಯನ್ನೇ ನೆಟ್ಟಗೆ ಕಲಿಸಲಾಗದ ವ್ಯವಸ್ಥೆಗೆ ಎರಡನೆಯದನ್ನು ಹೇರುವುದು ಯಾವ ಜಾಣತನ?

ಇಂಗ್ಲಿಷನ್ನು ವಿದೇಶಿ ಭಾಷೆ ಅಂತಲೇ ಒಪ್ಪಿಕೊಂಡು ಕಲಿಸಿದರೆ ಅರ್ಧ ಸಮಸ್ಯೆ ಬಿಡಿಸಿದಂಗೆ. ಯುರೋಪಿನವರು 2001ರಲ್ಲಿ ಪ್ರಕಟಿಸಿದ ಒಂದು ಮಾಪನ ಇದೆ, ಎ1ರಿಂದ ಸಿ2 ತನಕ ಆರು ಮೆಟ್ಟಿಲು. ಅದು ಯಾವ ಪಾಠ ಮುಗಿಸಿದೆ ಅಂತ ಕೇಳುವುದಿಲ್ಲ, ಏನು ಮಾಡಬಲ್ಲೆ ಅಂತ ಕೇಳುತ್ತದೆ. ದಾರಿ ಕೇಳಬಲ್ಲೆಯಾ? ಡಾಕ್ಟರಿಗೆ ನೋವು ಎಲ್ಲಿದೆ ಅಂತ ಹೇಳಬಲ್ಲೆಯಾ? ಒಂದು ಸೂಚನೆ ಓದಿ ಮಿಶಿನ್ ನಡೆಸಬಲ್ಲೆಯಾ? ಕೇಳುವುದು, ಆಡುವುದು, ಓದುವುದು, ಬರೆಯುವುದು ನಾಲ್ಕಕ್ಕೂ ಬೇರೆ ಬೇರೆ ಅಂಕ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಜರ್ಮನ್ ಕಲಿಯುವವರಿಗೆ ಈ ಪದ್ಧತಿ. ಸುರಪುರದ ಹುಡುಗನ ಇಂಗ್ಲಿಷಿಗೆ ಮಾತ್ರ ಪದ್ಯ ಬಾಯಿಪಾಠ, ಪ್ರಶ್ನೋತ್ತರ ಬಾಯಿಪಾಠ. ಹತ್ತನೇ ಇಯತ್ತೆ ಮುಗಿಸಿದ ಮಗು ನಾಲ್ಕರಲ್ಲೂ ಎ2 ಮುಟ್ಟಿದರೆ ಸಾಕು, ಆಮೇಲಿನದನ್ನು ಅದೇ ನೋಡಿಕೊಳ್ಳುತ್ತದೆ.

2025ರ ಆಗಸ್ಟಿನಲ್ಲಿ ವರದಿ ಕೊಟ್ಟ ರಾಜ್ಯ ಶಿಕ್ಷಣ ನೀತಿ ಆಯೋಗ ಎರಡು ಭಾಷೆಯ ಸೂತ್ರ ಸಾಕು ಅಂದಿದೆ. ಮೂರನೆಯದರ ಜಗಳ ಏನೇ ಇರಲಿ, ಹತ್ತನೇ ಇಯತ್ತೆ ತನಕ ಕನ್ನಡ ಗಟ್ಟಿ ಆಗಲಿ, ಇಂಗ್ಲಿಷ್ ಬಾಯಿಗೆ ಬರಲಿ ಅನ್ನುವುದು ನನಗೂ ಸರಿ ಕಾಣುತ್ತದೆ. ಬೇರೆ ವಿದೇಶಿ ಭಾಷೆಗಳ ಜಾಗ ಅದರ ನಂತರ. ಯಾದಗಿರಿ, ಶಹಾಪುರ, ಸುರಪುರದ ಐಟಿಐ, ಡಿಪ್ಲೊಮಾ, ನರ್ಸಿಂಗ್ ಹುಡುಗರಿಗೆ ಬೇಕೆಂದವರಿಗೆ ಮಾತ್ರ ಎರಡು ವರ್ಷದ ಜಪಾನಿ ಅಥವಾ ಜರ್ಮನ್. ಕನ್ನಡದ ಮೂಲಕ ಕಲಿಸುವ ಪುಸ್ತಕ. ಅಂಕಪಟ್ಟಿಯಲ್ಲಿ ಅದರ ಅಂಕ ಬೇಡ, ಹೊರಗಿನ ಪರೀಕ್ಷೆ ಪಾಸಾದರೆ ಸರ್ಕಾರವೇ ಅದರ ಫೀ ಕಟ್ಟಲಿ. ಮಾಸ್ತರು ಎಲ್ಲಿಂದ ಬರುತ್ತಾರೆ ಅಂದರೆ, ಬೆಂಗಳೂರಿನ ಕಂಪನಿಗಳಲ್ಲಿ ಜಪಾನಿ, ಜರ್ಮನ್ ಕಲಿತ ನನ್ನಂಥವರು ಇದ್ದೇವಲ್ಲ, ವಾರಕ್ಕೆ ಎರಡು ತಾಸು ಫೋನಿನ ಪರದೆಯ ಮೇಲೆ ಕಲಿಸಲು ಒಪ್ಪುವವರು ಸಿಗುತ್ತಾರೆ. ಕಲಬುರಗಿಯಲ್ಲಿ ಇತಿಹಾಸ ಓದುವ ಹತ್ತು ಹುಡುಗರಾದರೂ ಫಾರಸಿ ಕಲಿಯಲಿ. ಗೋಗಿಯ, ವಾಗಣಗೇರಿಯ ಕಥೆಯನ್ನು ಇಂಗ್ಲಿಷ್ ಅನುವಾದದಿಂದ ಅನುವಾದ ಮಾಡಿ ಓದುವುದು ಇನ್ನೆಷ್ಟು ದಿನ?

ಬೆಂಗಳೂರಿನ ಪಾಲಕರಿಗೆ ಹೇಳುವುದೂ ಇಷ್ಟೇ: ಫ್ರೆಂಚ್ ಕೊಡಿಸ್ರಿ, ಬೇಡ ಅನ್ನುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಮಗುವಿನ ಹತ್ತಿರ ಐದು ನಿಮಿಷ ಫ್ರೆಂಚ್‌ನಲ್ಲಿ ಮಾತಾಡಿಸಿ ನೋಡ್ರಿ. ಮಾತು ಬಂದರೆ ಕಲಿತಿದೆ. ಬರಲಿಲ್ಲ ಅಂದರೆ ಆ ತೊಂಬತ್ತೆಂಟು ಅಂಕ ಎಲ್ಲಿಂದ ಬಂತು ಅಂತ ಸಾಲಿಯವರನ್ನು ಕೇಳ್ರಿ.